ನಿಧಾನದ ಲೈನು

ಜನವರಿ 11

ಅಕ್ಕಾ,

ಕ್ಷೇಮವೇ ಅಂತ ಕೇಳಿ ಪತ್ರ ಶುರು ಮಾಡಬೇಕಂತೆ. ಕೇಳಿಯಾಯಿತು, ಈಗ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಮ್ಮ ಮನೆ ನಿನಗೆ ಗೊತ್ತಲ್ಲ. ಎರಡು ಕೋಣೆ, ನಡುವೆ ಒಂದು ಪರದೆ. ಈ ಕಡೆ ನಾನು ಆಕಳಿಸಿದರೆ ಆ ಕಡೆಯಿಂದ ಚಿಕ್ಕಮ್ಮ "ಮಲಕ್ಕೋ ಹೋಗು" ಅನ್ನುತ್ತಾಳೆ. ಹೇಳಬೇಕಾದದ್ದು ಅವಳ ವಿಷಯವೇ. ಅದಕ್ಕೆ ಊಟದ ಬಿಡುವಿನಲ್ಲಿ, ಬಟ್ಟೆ ಕತ್ತರಿಸುವ ವಿಭಾಗದ ಹಿಂದೆ, ಸುತ್ತಿಟ್ಟ ಥಾನುಗಳ ಮೇಲೆ ಕೂತು ಬರೆಯುತ್ತಿದ್ದೇನೆ.

ಅವಳು ನಿಧಾನ ಆಗಿದ್ದಾಳೆ ಅಕ್ಕಾ. ಇಷ್ಟೇ ವಿಷಯ, ಆದರೆ ಇಷ್ಟಕ್ಕೇ ಮುಗಿಯುವುದಿಲ್ಲ. ನೀನು ಫ್ಯಾಕ್ಟರಿಯೊಳಗೆ ಕಾಲಿಟ್ಟವಳಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ನಾನು ಸೂಪರ್‌ವೈಸರ್ ಆಗಿರುವ ಲೈನಿನಲ್ಲಿ ಒಂದೊಂದು ಅಂಗಿಯೂ ಕೈಯಿಂದ ಕೈಗೆ ಹೋಗುತ್ತಾ ಹೊಲಿಸಿಕೊಳ್ಳುತ್ತದೆ. ಒಬ್ಬಳು ಕಾಲರ್ ತಯಾರು ಮಾಡಿದರೆ ಪಕ್ಕದವಳು ಅದನ್ನು ಅಂಗಿಗೆ ಕೂರಿಸುತ್ತಾಳೆ, ಅವಳ ಆಚೆಯವಳು ತೋಳು ಹಚ್ಚುತ್ತಾಳೆ. ಕಾಲರ್ ಕೂರಿಸುವವಳು ನಮ್ಮ ಚಿಕ್ಕಮ್ಮ. ಅವಳಿಗೆ ಕಾಲರ್ ಕೊಡುವವಳು ಹೋದ ವರ್ಷ ಸೇರಿದ ಹುಡುಗಿ. ಎಲ್ಲರೂ ಮಿಂಚು ಅಂತಲೇ ಕರೆಯುತ್ತಾರೆ, ಅವಳ ಕೈ ನೋಡಿದರೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಅವಳು ಕೊಟ್ಟಿದ್ದೆಲ್ಲ ಚಿಕ್ಕಮ್ಮನ ಮುಂದೆ ರಾಶಿ ಬೀಳುತ್ತದೆ. ಆಚೆಯವಳು ಕೆಲಸ ಬರಲಿಲ್ಲ ಅಂತ ಕೈಕಟ್ಟಿಕೊಂಡು ಇವಳನ್ನೇ ನೋಡುತ್ತಾಳೆ. ಯಾರೂ ಬೈಯುವುದಿಲ್ಲ. ಬೈದಿದ್ದರೆ ನಾನು ಬೈದವರನ್ನು ಬೈಯಬಹುದಿತ್ತು.

ಚಿಕ್ಕಮ್ಮ ಫ್ಯಾಕ್ಟರಿಯಲ್ಲಿ ನೀರು ಕುಡಿಯುವುದನ್ನು ಬಿಟ್ಟಿದ್ದಾಳೆ. ಕುಡಿದರೆ ಮಧ್ಯೆ ಏಳಬೇಕಾಗುತ್ತದಲ್ಲ, ಅದಕ್ಕೆ. ಅವಳ ಹೊಲಿಗೆಯಲ್ಲಿ ಇವತ್ತಿಗೂ ಒಂದು ತಪ್ಪು ಹುಡುಕಲು ಆಗುವುದಿಲ್ಲ. ತಡ ಆಗುತ್ತದೆ, ಅಷ್ಟೇ. ಅಲ್ಲಿ ಅವಳು ನನ್ನನ್ನು ಸಾರ್ ಅನ್ನುತ್ತಾಳೆ, ಮನೆಗೆ ಬಂದರೆ ಅದೇ ಬಾಯಲ್ಲಿ ಲೇ ಕೋತಿ ಅನ್ನುತ್ತಾಳೆ. ನಿನ್ನೆ ನಾನು ಹತ್ತಿರ ಹಾಯುವಾಗ ಮೆಲ್ಲಗೆ ಕೇಳಿದಳು, "ಸಾರ್, ನನ್ನಿಂದ ಲೈನ್ ನಿಲ್ತಾ ಇದೆ, ಅಲ್ವಾ?" ದಾರ ಸರಿಯಿಲ್ಲಮ್ಮ ಅಂದೆ.

ತಡ ಎಲ್ಲಿ ಆಗುತ್ತಿದೆಯೋ ಆ ಜಾಗ ಸರಿಮಾಡಿ ಅಂತ ಮ್ಯಾನೇಜರ್ ಹೇಳಿದ್ದಾರೆ. ಸರಿಮಾಡಿ ಅಂದರೆ ಏನು ಅಂತ ನಿನಗೆ ಬೇರೆ ಹೇಳಬೇಕೇ? ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದ ಕೈ ಅದು. ನನಗೆ ಸೂಜಿಗೆ ದಾರ ಪೋಣಿಸಲು ಕಲಿಸಿದ್ದೂ ಅದೇ ಕೈ. ಮನೆಯಲ್ಲಿ ಇರು ಅಂತ ಒಮ್ಮೆ ಸುಮ್ಮನೆ ಹೇಳಿ ನೋಡಿದೆ. "ಯಾಕೆ, ನನಗೇನು ಕಾಲು ಮುರಿದಿದೆಯಾ?" ಅಂದು ತಟ್ಟೆ ಎತ್ತಿಕೊಂಡು ಎದ್ದು ಹೋದಳು.

ಏನು ಮಾಡಲಿ, ಬರಿ.

ನಿನ್ನ ತಮ್ಮ


ಜನವರಿ 24

ಲೋ ತಮ್ಮ,

ಏನು ಮಾಡಲಿ ಅಂತ ನನ್ನನ್ನು ಕೇಳಿದ್ದೀಯ. ಬೇರೆಯವರು ಕೆಲಸವಿಲ್ಲದೆ ನೊಣ ಹೊಡೆಯುತ್ತಾರೆ, ನಾನು ಕೆಲಸ ಅಂತ ನೊಣ ಸಾಕುವವಳು. ನನ್ನ ಹತ್ತಿರ ಬುದ್ಧಿಮಾತು ಏನಿರುತ್ತದೆ? ಆದರೂ ನಿನ್ನ ಪತ್ರ ಓದಿದಾಗಿನಿಂದ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ಚಿಕ್ಕಮ್ಮನ ಮುಂದಿನ ರಾಶಿಯೇ ಕಾಣುತ್ತಿದೆ. ಯಾಕೆ ಅಂತ ಹೇಳುತ್ತೇನೆ, ತಾಳ್ಮೆಯಿಂದ ಓದು.

ನಮ್ಮ ಲ್ಯಾಬಿನಲ್ಲಿ ಒಂದು ಬಗೆಯ ಹಣ್ಣುನೊಣ ಇದೆ. ಅದರ ಮೈಯ ಜೀವಕೋಶಗಳೆಲ್ಲ ನಿಧಾನ. ಹುಟ್ಟಿನಿಂದಲೇ ಒಂದು ಕೊರತೆ ಇದೆ, ಅದರಿಂದ ಅವುಗಳೊಳಗೆ ಪ್ರೊಟೀನ್ ತಯಾರಾಗುವುದು ತಡ. ಅದಕ್ಕೆ ಆ ನೊಣ ಬೇರೆಯವುಗಳಿಗಿಂತ ತಡವಾಗಿ ಬೆಳೆಯುತ್ತದೆ, ಮೈಮೇಲಿನ ರೋಮ ತೆಳ್ಳಗಿರುತ್ತದೆ. ಅಷ್ಟು ಬಿಟ್ಟರೆ ಹಾರುತ್ತದೆ, ತಿನ್ನುತ್ತದೆ, ಮೊಟ್ಟೆ ಇಡುತ್ತದೆ, ಏನೂ ಕಡಿಮೆಯಿಲ್ಲ. ಆದರೆ ಅದೇ ನಿಧಾನದ ಕೋಶಗಳ ಒಂದು ಗುಂಪು ಬೇಗ ಬೆಳೆಯುವ ಕೋಶಗಳ ನಡುವೆ, ಒಂದೇ ರೆಕ್ಕೆಯಲ್ಲಿ ಸೇರಿಕೊಂಡಿತು ಅನ್ನು. ಆಗ ಅದು ಉಳಿಯುವುದಿಲ್ಲ. ಅದಕ್ಕೆ ರೋಗವಿಲ್ಲ, ತನ್ನದೇ ಜಾತಿಯ ಕೋಶಗಳ ಜೊತೆ ಬಿಟ್ಟರೆ ಆರಾಮಾಗಿ ಬದುಕುತ್ತದೆ. ಪಕ್ಕದವು ಬೇಗ, ಅದೊಂದೇ ಅದರ ತಪ್ಪು.

ಸಾವು ಎಲ್ಲಿ ಶುರುವಾಗುತ್ತದೆ ಗೊತ್ತೇ? ಎರಡೂ ಮೈಗೆ ಮೈ ತಾಗಿಸಿಕೊಂಡಿರುವ ಅಂಚಿನಲ್ಲಿ. ಅಂಚಿನಲ್ಲಿರುವ ನಿಧಾನದ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಪಕ್ಕದ್ದು ಹಿಗ್ಗಿ ಆ ಜಾಗ ತುಂಬುತ್ತದೆ. ಕೊನೆಗೆ ರೆಕ್ಕೆ ಸರಿಯಾದ ಅಳತೆಗೇ ಬರುತ್ತದೆ, ನೋಡಿದವರಿಗೆ ಅಲ್ಲಿ ಮೊದಲು ಬೇರೆ ಯಾರೋ ಇದ್ದರು ಅಂತ ಗೊತ್ತಾಗುವುದೇ ಇಲ್ಲ. ಇದಕ್ಕೆ ನಾವು ಕೋಶಗಳ ಪೈಪೋಟಿ ಅನ್ನುತ್ತೇವೆ. ಇದರಿಂದ ಮೈಗೆ ಒಳ್ಳೆಯದೇ ಆಗುತ್ತದಂತೆ. ಇಲಿಯ ಭ್ರೂಣದಲ್ಲೂ ಹೀಗೇ ಜೊಳ್ಳು ತೂರಿ ಹೋಗುವುದನ್ನು ನೋಡಿದ್ದಾರೆ. ಮೈಯ ಕಡೆಯಿಂದ ನೋಡಿದರೆ ಸರಿ. ಅಂಚಿನಲ್ಲಿ ಕೂತವರ ಕಡೆಯಿಂದ ನೋಡಿದರೆ ಏನು ಹೇಳಬೇಕೋ ನನಗೆ ತಿಳಿಯದು.

ಇದರಿಂದ ನಿನಗೆ ಏನೂ ಉಪಯೋಗವಿಲ್ಲ, ಗೊತ್ತು. ಚಿಕ್ಕಮ್ಮನಿಗೆ ಬಲವಂತವಾಗಿಯಾದರೂ ನೀರು ಕುಡಿಸು.

ನನ್ನ ಪಕ್ಕದ ಮೇಜಿಗೆ ಹೊಸಬನೊಬ್ಬ ಬಂದಿದ್ದಾನೆ. ಒಳ್ಳೆಯ ಹುಡುಗ. ನಾನು ನೊಣದ ಒಂದು ಸೀಸೆ ನೋಡುವಷ್ಟರಲ್ಲಿ ಅವನು ಸೀಸೆಗಳ ಇಡೀ ತಟ್ಟೆ ಮುಗಿಸಿ ಚಹಾಕ್ಕೆ ಹೊರಟಿರುತ್ತಾನೆ. ಇದನ್ನು ಯಾಕೆ ಬರೆದೆನೋ.

ಅಕ್ಕ


ಫೆಬ್ರವರಿ 9

ಅಕ್ಕಾ,

ಉಪಯೋಗವಿಲ್ಲ ಅಂತ ಹೇಳಿದವಳು ನೀನು, ನನಗೆ ಮಾತ್ರ ಆ ಪತ್ರ ಓದಿ ನಿದ್ದೆ ಬರಲಿಲ್ಲ. ತಮ್ಮದೇ ಜಾತಿಯವುಗಳ ಜೊತೆ ಬಿಟ್ಟರೆ ಆರಾಮಾಗಿ ಬದುಕುತ್ತವೆ ಅಂದೆಯಲ್ಲ. ಹಾಗಾದರೆ ನಿಧಾನದವರದ್ದೇ ಒಂದು ಲೈನ್ ಯಾಕೆ ಮಾಡಬಾರದು? ಎಲ್ಲಾ ಲೈನಿನಲ್ಲೂ ಒಬ್ಬಿಬ್ಬರು ಇಂಥವರು ಇದ್ದೇ ಇದ್ದಾರೆ, ಮುಂದೆ ರಾಶಿ ಹಾಕಿಕೊಂಡು ತಲೆ ತಗ್ಗಿಸಿ ಕೂತವರು. ಅವರನ್ನೆಲ್ಲ ಒಂದು ಕಡೆ ತಂದರೆ ಅಂಚು ಅನ್ನುವುದೇ ಇರುವುದಿಲ್ಲ. ಅಂಚಿಲ್ಲದಿದ್ದರೆ ಮಿಂಚೂ ಇಲ್ಲ.

ಕೆಲಸವೂ ಇದೆ. ಹಸುಗೂಸುಗಳ ಉಡುಪಿನ ಸಣ್ಣ ಆರ್ಡರ್ ಒಂದು ಬಂದಿದೆ. ನೆರಿಗೆ, ಲೇಸು, ಕಿರುಬೆರಳಿನಷ್ಟು ಕಾಲರ್. ಬೇಗದವರು ಮಾಡಿದರೆ ಅರ್ಧಕ್ಕರ್ಧ ಬಿಚ್ಚಿ ಮತ್ತೆ ಹೊಲಿಯಬೇಕು. ಮ್ಯಾನೇಜರ್ ಹತ್ತಿರ ಹೋಗಿ ನಿನ್ನ ನೊಣದ ವಿಷಯ ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ. ಮುಖ ಗಂಟಿಕ್ಕಿಕೊಂಡರು, ಆಮೇಲೆ ಮಾಡಿ ನೋಡಿ ಅಂದರು. ಚಿಕ್ಕಮ್ಮನ ಜಾಗ ಉಳಿಯುವುದಕ್ಕೆ ಇದೊಂದೇ ದಾರಿ ಕಾಣುತ್ತಿದೆ.

ಇದರಲ್ಲಿ ಏನಾದರೂ ತೊಡಕು ಇದ್ದರೆ ಈಗಲೇ ಹೇಳು. ಆಮೇಲೆ ಹೇಳಬೇಡ.

ತಮ್ಮ


ಫೆಬ್ರವರಿ 20

ತಮ್ಮ,

ಮಾಡು. ನಾನು ಹೇಳಿದ್ದು ರೆಕ್ಕೆಯ ವಿಷಯ, ಫ್ಯಾಕ್ಟರಿಯ ವಿಷಯ ಅಲ್ಲ, ಅದು ನೆನಪಿರಲಿ. ಆದರೂ ಮಾಡು. ಅವಳು ತಲೆ ಎತ್ತಿ ಕೂರುವಂತಾದರೆ ಸಾಕು.

ಇನ್ನೂ ಸ್ವಲ್ಪ ಬರೆಯಬೇಕು ಅಂದುಕೊಂಡಿದ್ದೆ. ಇಲ್ಲಿ ಕೆಲಸ ತಲೆಯ ಮೇಲೆ ಕೂತಿದೆ. ಇನ್ನೊಮ್ಮೆ ಬರೆಯುತ್ತೇನೆ.

ಅಕ್ಕ


ಏಪ್ರಿಲ್ 3

ಅಕ್ಕಾ,

ನೀನು ಇನ್ನೊಮ್ಮೆ ಬರೆಯಲೇ ಇಲ್ಲ. ಪರವಾಗಿಲ್ಲ, ಸಿಹಿ ಸುದ್ದಿ ನಾನೇ ಕೊಡುತ್ತೇನೆ.

ನಿಧಾನದ ಲೈನು ನಡೆಯುತ್ತಿದೆ. ಕಿಟಕಿಯ ಪಕ್ಕ, ಹಳೆಯ ಮಿಷನ್‌ಗಳ ಸಾಲು. ಉಳಿದ ಲೈನುಗಳವರು ಮೊದಮೊದಲು "ಆಮೆ ಗಾಡಿ ಬಂತು" ಅಂತ ನಗುತ್ತಿದ್ದರು. ಈಗ ನಗುವುದಿಲ್ಲ, ಯಾಕೆಂದರೆ ನಮ್ಮ ಲೈನಿನಿಂದ ಒಂದು ಉಡುಪೂ ವಾಪಸು ಬರುತ್ತಿಲ್ಲ. ಚಿಕ್ಕಮ್ಮನನ್ನು ಲೈನಿನ ತಲೆಯಲ್ಲೇ ಕೂರಿಸಿದೆ, ಅವಳಿಗೆ ಎಲ್ಲ ಕೆಲಸವೂ ಬರುತ್ತದಲ್ಲ. ಅವಳು ಕಾಲರ್ ಮಾಡಿಕೊಡುತ್ತಾಳೆ, ಪಕ್ಕದವಳು ಕೂರಿಸುತ್ತಾಳೆ.

ಆ ಪಕ್ಕದವಳನ್ನು ನೀನು ನೋಡಬೇಕು. ಗುನುಗು ಅಂತ ಕರೆಯುತ್ತಾರೆ. ದಪ್ಪ ಕನ್ನಡಕ, ಚಿಕ್ಕಮ್ಮನಿಗಿಂತ ನಾಲ್ಕಾರು ವರ್ಷ ಚಿಕ್ಕವಳು. ಹೊಲಿಯುವಷ್ಟು ಹೊತ್ತೂ ಮೂಗಿನಲ್ಲೇ ಏನೋ ಗುನುಗುತ್ತಿರುತ್ತಾಳೆ. ಯಾವ ಹಾಡೂ ಅಲ್ಲ, ಒಂದು ಸಾಲು ಪೂರ್ತಿ ಆಗುವುದಿಲ್ಲ. ಚಿಕ್ಕಮ್ಮ ಮನೆಗೆ ಬಂದು "ಅದೇನು ಜೇನುಗೂಡಿನ ಪಕ್ಕ ಕೂರಿಸಿದ್ಯೋ ನನ್ನ" ಅಂತ ರೇಗುತ್ತಾಳೆ, ಮಾರನೆಯ ದಿನ ಪಾತ್ರೆ ತೊಳೆಯುವಾಗ ತಾನೇ ಗುನುಗುತ್ತಾಳೆ.

ನೀರು ಕುಡಿಯುತ್ತಾಳೆ ಅಕ್ಕಾ. ಬಾಟಲಿ ಖಾಲಿಯಾಗಿ ಮನೆಗೆ ಬರುತ್ತದೆ. ನನಗೆ ಸುಸ್ತೋ ಸುಸ್ತು, ಎರಡು ಲೈನ್ ನೋಡಿಕೊಳ್ಳಬೇಕು, ಕಾಲು ಬಾತುಕೊಂಡಿವೆ. ಆದರೂ ಆ ಬಾಟಲಿ ನೋಡಿದರೆ ಹೊಟ್ಟೆ ತಣ್ಣಗಾಗುತ್ತದೆ. ನಿನ್ನ ನೊಣಕ್ಕೆ ನನ್ನ ಪರವಾಗಿ ಒಂದು ನಮಸ್ಕಾರ ಹೇಳು.

ತಮ್ಮ


ಜೂನ್ 14

ಅಕ್ಕಾ,

ಗುನುಗು ಕೆಲಸ ಬಿಟ್ಟು ಹೋದಳು.

ಯಾರೂ ಕಳಿಸಲಿಲ್ಲ, ನಾನಂತೂ ಒಂದು ಮಾತು ಆಡಿಲ್ಲ. ಹೋದ ತಿಂಗಳು ಯಾವಾಗಲೋ ಅವಳ ಗುನುಗು ನಿಂತಿತ್ತು. ನನಗೆ ಗೊತ್ತಾಗಿದ್ದು ತಡವಾಗಿ. ಮಿಷನ್ ಸದ್ದಿನ ನಡುವೆ ಏನೋ ಕಡಿಮೆ ಆದ ಹಾಗಿದೆಯಲ್ಲ ಅಂತ ಆ ಕಡೆ ತಿರುಗಿ ನೋಡಿದರೆ ಅವಳ ಮುಂದೆ ಕಾಲರ್‌ಗಳ ರಾಶಿ. ಗುಡ್ಡ ಅಕ್ಕಾ. ಅದರ ಹಿಂದೆ ಕನ್ನಡಕ ಮಾತ್ರ ಕಾಣುತ್ತಿತ್ತು. ಅವಳ ಆಚೆಯವರು ಕೈಕಟ್ಟಿಕೊಂಡು ಕೂತಿದ್ದರು, ಎಲ್ಲರೂ ಒಂದು ಕಾಲದಲ್ಲಿ ತಾವೇ ಆ ರಾಶಿಯ ಹಿಂದೆ ಕೂತವರು. ರಾಶಿ ಹಾಕಿದವಳು ನಮ್ಮ ಚಿಕ್ಕಮ್ಮ. ಮಿಂಚಿನ ಪಕ್ಕದಿಂದ ಎದ್ದು ಬಂದ ಮೇಲೆ ಅವಳ ಕೈ ಹಗುರವಾಗಿದೆ, ಈ ಲೈನಿನಲ್ಲಿ ಅವಳಷ್ಟು ಬೇಗ ಯಾರೂ ಇಲ್ಲ. ಸಂತೋಷಪಡಬೇಕೋ ಬೇಡವೋ ಗೊತ್ತಾಗದೆ ನಾನು ನಿಂತಿದ್ದೆ.

ಮುಂದಿನ ವಾರ ಗುನುಗು ಬರಲಿಲ್ಲ. ಮೈಗೆ ಹುಷಾರಿಲ್ಲ ಅಂತ ಹೇಳಿಕಳಿಸಿದಳು, ಆಮೇಲೆ ಬರುವುದಿಲ್ಲ ಅಂತ. ಮ್ಯಾನೇಜರ್ ಬಂದು ಖಾಲಿ ಕುರ್ಚಿ ನೋಡಿ, ನಿಮ್ಮ ಚಿಕ್ಕಮ್ಮ ಬೇಗ ಇದ್ದಾರಲ್ಲ, ಎರಡೂ ಅವರೇ ಮಾಡಲಿ ಅಂದುಬಿಟ್ಟರು. ಈಗ ಅವಳೇ ಕಾಲರ್ ಮಾಡಿ ಅವಳೇ ಕೂರಿಸುತ್ತಾಳೆ. ಬಾಟಲಿಯ ನೀರು ಮತ್ತೆ ಹಾಗೆಯೇ ವಾಪಸು ಬರುತ್ತಿದೆ.

ಒಂದು ಮಾತು ಕೇಳುತ್ತೇನೆ, ಸುಳ್ಳು ಹೇಳಬೇಡ. ಇದನ್ನೂ ನಿನ್ನ ನೊಣ ಹೇಳಿತ್ತಾ?

ತಮ್ಮ


ಜೂನ್ 26

ತಮ್ಮ,

ಹೇಳಿತ್ತು.

ಬೇಗ, ನಿಧಾನ ಅನ್ನುವುದು ಕೋಶದೊಳಗೆ ಬರೆದಿಟ್ಟ ಹಣೆಬರಹ ಅಲ್ಲ ಕಣೋ. ಅದು ಪಕ್ಕದವರನ್ನು ನೋಡಿ ತೀರ್ಮಾನವಾಗುವುದು. ಸಾಮಾನ್ಯ ಕೋಶದ ಪಕ್ಕ ಸೋಲುವುದನ್ನೇ ತೆಗೆದುಕೊಂಡು ಅದಕ್ಕಿಂತ ನಿಧಾನದ್ದರ ಪಕ್ಕ ಇಟ್ಟರೆ ಅದೇ ಗೆಲ್ಲುತ್ತದೆ. ಹಾಗೆಯೇ ಯಾವ ದೋಷವೂ ಇಲ್ಲದ ಕೋಶದ ಪಕ್ಕ ಇನ್ನೂ ಜೋರಾಗಿ ಬೆಳೆಯುವುದನ್ನು ಇಟ್ಟರೆ ಆ ಒಳ್ಳೆಯ ಕೋಶವೂ ಸಾಯುತ್ತದೆ. ಕೆಲವು ಕ್ಯಾನ್ಸರ್ ಗಡ್ಡೆಗಳು ಹಬ್ಬುವುದಕ್ಕೂ ಇದೇ ಉಪಾಯ ಬಳಸುತ್ತವೆ ಅನ್ನುತ್ತಾರೆ. ಕೋಶ ಅದೇ, ಪಕ್ಕದವರು ಬೇರೆ. ನೀನು ಅಂಚನ್ನು ತೆಗೆದೆ ಅಂದುಕೊಂಡೆ, ಅದು ಕಿಟಕಿಯ ಪಕ್ಕಕ್ಕೆ ಜಾಗ ಬದಲಾಯಿಸಿತು.

ಇಷ್ಟನ್ನೂ ಫೆಬ್ರವರಿಯಲ್ಲೇ ಬರೆಯಬೇಕಿತ್ತು. ಪೆನ್ನು ಕೈಯಲ್ಲೇ ಇತ್ತು. ನಿನ್ನ ಪತ್ರದ ತುಂಬ ಆಸೆ ಇತ್ತು, ತಣ್ಣೀರು ಎರಚಲು ಮನಸ್ಸಾಗಲಿಲ್ಲ. ನನಗೂ ದಣಿವಾಗಿತ್ತು. ದಣಿದವರು ಹೌದು ಅಂದುಬಿಡುತ್ತಾರೆ, ಇಲ್ಲ ಅನ್ನಲು ಹೆಚ್ಚು ಬರೆಯಬೇಕಾಗುತ್ತದಲ್ಲ.

ಚಿಕ್ಕಮ್ಮನ ಹತ್ತಿರ ಮುಚ್ಚುಮರೆ ಸಾಕು. ನನ್ನ ಪತ್ರಗಳನ್ನೆಲ್ಲ ಅವಳಿಗೆ ಕೊಟ್ಟುಬಿಡು. ಬೈದರೆ ಇಬ್ಬರೂ ಬೈಸಿಕೊಳ್ಳೋಣ.

ಅಕ್ಕ


ಜುಲೈ 21

ಮಗಳೇ,

ನಿನ್ನ ಪತ್ರಗಳನ್ನು ಓದಿದೆ. ಕನ್ನಡಕ ಒರೆಸಿಕೊಂಡು ಎರಡೆರಡು ಸಲ ಓದಿದೆ. ನೀವಿಬ್ಬರೂ ಪರದೆಗೆ ಹೆದರಿ ಅಂಚೆಯಲ್ಲಿ ನನ್ನ ವಿಚಾರಣೆ ನಡೆಸಿದ್ದೀರಿ ಅಂತ ಈಗ ಗೊತ್ತಾಯಿತು. ನಿನ್ನ ತಮ್ಮನಿಗೆ ಬೈಯಬೇಕಾದ್ದೆಲ್ಲ ಬೈದಾಗಿದೆ. ನಿನ್ನ ಪಾಲಿನದು ಬಾಕಿ ಇದೆ, ಬಂದಾಗ ಕೊಡುತ್ತೇನೆ.

ನೊಣದ ಕಥೆ ನನಗೆ ಹೊಸದೇನಲ್ಲ. ಮಿಂಚಿನ ಪಕ್ಕ ಕೂತವಳು ನಾನು. ಆ ಹುಡುಗಿ ಒಂದು ದಿನವೂ ನನ್ನನ್ನು ಕೆಟ್ಟದಾಗಿ ನೋಡಿಲ್ಲ, ತನ್ನ ಪಾಡಿಗೆ ತಾನು ಹೊಲಿಯುತ್ತಿದ್ದಳು. ಅಷ್ಟಕ್ಕೇ ನಾನು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದೆ. ನಾನೇ ಎದ್ದು ಹೋಗಿಬಿಡಲಾ ಅಂತ ದಿನಾ ಅನ್ನಿಸುತ್ತಿತ್ತು. ನಿನ್ನ ಕೋಶಕ್ಕೆ ಹಾಗೆ ಅನ್ನಿಸುತ್ತದೋ ಇಲ್ಲವೋ, ನನಗಂತೂ ಅನ್ನಿಸಿದೆ.

ಆಮೇಲೆ ಕಿಟಕಿಯ ಪಕ್ಕಕ್ಕೆ ಬಂದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಗುನುಗುವಿನ ಮುಂದೆ ಮೊದಲ ಸಲ ರಾಶಿ ಬಿದ್ದ ದಿನ ನನಗೆ ಹಿತವಾಯಿತು. ಅಬ್ಬಾ, ಇವತ್ತು ನನ್ನ ಮುಂದಲ್ಲ ಅಂತ. ಅವಳ ಗುನುಗು ನಿಂತಿದ್ದು ನಿನ್ನ ತಮ್ಮನಿಗೆ ತಡವಾಗಿ ಗೊತ್ತಾಯಿತಂತೆ. ನನಗೆ ಆ ಕ್ಷಣವೇ ಗೊತ್ತಾಯಿತು, ಪಕ್ಕದಲ್ಲೇ ಕೂತಿದ್ದೆನಲ್ಲ. ಅದು ಯಾಕೆ ನಿಂತಿತು ಅಂತಲೂ ಗೊತ್ತಿತ್ತು. ಗೊತ್ತಿದ್ದೂ ಕೈ ನಿಧಾನ ಮಾಡಲಿಲ್ಲ. ಮಾಡಿದರೆ ಮತ್ತೆ ಹಳೆಯ ಜಾಗಕ್ಕೇ ಬೀಳುತ್ತೇನೇನೋ ಅನ್ನುವ ಭಯ.

ಹೋದ ಭಾನುವಾರ ಅವಳ ಮನೆ ಹುಡುಕಿಕೊಂಡು ಹೋದೆ. ವಾಪಸು ಬಾ ಅಂತ ಕರೆಯಬೇಕು ಅಂದುಕೊಂಡು ಹೋಗಿದ್ದೆ. ಒಂದು ಉದ್ದನೆಯ ಓಣಿ, ಕೊನೆಯ ಬಾಗಿಲು. ಬಾಗಿಲು ಅರ್ಧ ತೆರೆದಿತ್ತು, ಒಳಗೆ ಮಿಷನ್ ಓಡುತ್ತಿತ್ತು. ಅದರ ಜೊತೆಗೆ ಗುನುಗು. ನಾನು ಚಪ್ಪಲಿ ಬಿಡದೆ ಅಲ್ಲೇ ನಿಂತೆ. ಯಾರದೋ ಮನೆಯ ಪರದೆಗಳನ್ನು ಹೊಲಿಯುತ್ತಿದ್ದಳು, ಒಬ್ಬಳೇ. ಹೊಲಿಗೆ ಎಷ್ಟು ನೇರ ಗೊತ್ತೇ, ದಾರ ಇಟ್ಟು ಎಳೆದ ಹಾಗೆ. ಅವಳಿಗೆ ಏನೂ ಆಗಿರಲಿಲ್ಲ ಮಗಳೇ. ಕೈಯಲ್ಲೂ ದೋಷವಿಲ್ಲ, ಮೈಯಲ್ಲೂ ದೋಷವಿಲ್ಲ.

ನಾನು ಒಳಗೆ ಕಾಲಿಟ್ಟೆ. ಗುನುಗು ನಿಂತಿತು.

ಅವಳು ಎದ್ದು, ಬನ್ನಿ ಅಕ್ಕ ಅಂತ ಕುರ್ಚಿ ಹಾಕಿದಳು, ನೀರು ಕೊಟ್ಟಳು, ನಕ್ಕಳು. ಇಷ್ಟು ದಿನ ಮಿಂಚು ಅಂದರೆ ಬೇರೆ ಯಾರೋ ಅಂದುಕೊಂಡಿದ್ದೆ. ವಾಪಸು ಬರ್ತೀಯಾ ಅಂತ ಕೇಳಿದೆ. ಅವಳು ಬಟ್ಟೆಯ ಅಂಚು ಸವರುತ್ತಾ, "ಬೇಡ ಅಕ್ಕ. ನೀವು ಒಳ್ಳೇವ್ರೇ. ಆದ್ರೆ ಅಲ್ಲಿ ಕೂತ್ರೆ ನನಗೆ ನನ್ನ ಕೈಯೇ ಕಾಣ್ಸಲ್ಲ, ನಿಮ್ಮ ಕೈ ಮಾತ್ರ ಕಾಣ್ಸತ್ತೆ" ಅಂದಳು. ನಾನು ತಪ್ಪಾಯಿತು ಅಂದೆ. ಅವಳು ಅಯ್ಯೋ ಬಿಡಿ ಅಂದಳು. ಇನ್ನೇನು ಹೇಳುತ್ತಾಳೆ, ಪಾಪ. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಅವಳಿಗೆ ಬೆನ್ನು ಮಾಡಿ ಕೂತು, ನೀನು ಹೊಲಿ, ನನ್ನ ಕಾಲು ಸೋತಿದೆ, ಸ್ವಲ್ಪ ಹೊತ್ತು ಕೂತು ಹೋಗ್ತೀನಿ ಅಂದೆ. ಮಿಷನ್ ಶುರುವಾಯಿತು. ಎಷ್ಟೋ ಹೊತ್ತು ಬರೀ ಮಿಷನ್. ಆಮೇಲೆ ಮೆಲ್ಲಗೆ ಅದೂ ಶುರುವಾಯಿತು. ಕೇಳಿಸಿಕೊಂಡು ಎದ್ದು ಬಂದೆ, ಹೋಗ್ತೀನಿ ಅಂತ ಹೇಳಲಿಲ್ಲ. ಹೇಳಿದ್ದರೆ ನಿಲ್ಲಿಸುತ್ತಿದ್ದಳು.

ನಾನು ಕೆಲಸ ಬಿಡುವುದಿಲ್ಲ. ಬಿಟ್ಟರೆ ನಿಮ್ಮಿಬ್ಬರಿಗೂ ಸಮಾಧಾನ ಆಗಬಹುದು, ಚಿಕ್ಕಮ್ಮ ದೊಡ್ಡ ಮನಸ್ಸು ಮಾಡಿದಳು ಅಂತ ಹೇಳಿಕೊಳ್ಳಬಹುದು. ನನಗೆ ಅಂಥ ದೊಡ್ಡ ಮನಸ್ಸಿಲ್ಲ. ಎರಡು ಕೆಲಸ ಒಬ್ಬಳೇ ಮಾಡಿ ಬೆನ್ನು ಬಿದ್ದುಹೋಗಿದೆ, ಆದರೂ ಆ ಕಿಟಕಿ ನನಗೆ ಬೇಕು.

ಸೋಮವಾರ ನಿನ್ನ ತಮ್ಮ ಖಾಲಿ ಕುರ್ಚಿಗೆ ಹೊಸಬಳೊಬ್ಬಳನ್ನು ತಂದು ಕೂರಿಸಿದ. ಮಕ್ಕಳೆಲ್ಲ ದೊಡ್ಡವರಾದ ಮೇಲೆ ಮತ್ತೆ ಮಿಷನ್ ಮುಟ್ಟಿದವಳು, ಕೈ ಇನ್ನೂ ಕುದುರಿಲ್ಲ. ನಾನು ಇಬ್ಬರ ಮಿಷನ್‌ಗಳ ನಡುವೆ ಒಂದು ಬುಟ್ಟಿ ಇಟ್ಟೆ. ಕಾಲರ್ ಮಾಡಿ ಅವಳ ಮುಂದೆ ಹಾಕುವುದಿಲ್ಲ, ಬುಟ್ಟಿಗೆ ಹಾಕುತ್ತೇನೆ. ಬುಟ್ಟಿ ತುಂಬಿದರೆ ಕಾಲರ್ ಮಾಡುವುದನ್ನು ನಿಲ್ಲಿಸಿ ನಾನೂ ಅದರಿಂದಲೇ ತೆಗೆದು ಅಂಗಿಗೆ ಕೂರಿಸುತ್ತೇನೆ. ಬುಟ್ಟಿ ಇಬ್ಬರದು, ಅದರಲ್ಲಿ ಉಳಿದದ್ದು ಯಾರ ತಡ ಅಂತ ಹೇಳಲು ಬರುವುದಿಲ್ಲ. ಯಾರು ಎಷ್ಟು ಮಾಡಿದರು ಅಂತ ಹೇಗಮ್ಮಾ ನೋಡೋದು ಅಂತ ನಿನ್ನ ತಮ್ಮ ಗೊಣಗಿದ. "ಸಾರ್, ನೀವು ಆ ಕಡೆ ನೋಡ್ಬೇಡಿ" ಅಂದೆ. ನೋಡುತ್ತಿಲ್ಲ. ಮ್ಯಾನೇಜರ್ ನೋಡುವವರೆಗೆ ನಡೆಯುತ್ತದೆ, ಆಮೇಲಿನದು ಆಮೇಲೆ.

ಜನವರಿಯಲ್ಲಿ ನಿನ್ನ ಪಕ್ಕದ ಮೇಜಿಗೆ ಯಾರೋ ಬಂದಿದ್ದಾನೆ ಅಂತ ಬರೆದಿದ್ದೆ. ಆಮೇಲೆ ಒಂದು ಪತ್ರದಲ್ಲೂ ಅವನ ಮಾತಿಲ್ಲ. ನಿನ್ನ ತಮ್ಮನಿಗೆ ಅದು ಕಣ್ಣಿಗೇ ಬಿದ್ದಿಲ್ಲ, ಗಂಡಸರ ಓದು ಅಷ್ಟೇ. ನೀನು ನೀರು ಕುಡಿಯುತ್ತಿದ್ದೀಯಾ? ಸರಿಯಾಗಿ ಬರಿ. ಮತ್ತೆ "ಕೆಲಸ ತಲೆಯ ಮೇಲೆ ಕೂತಿದೆ" ಅಂತ ಎರಡು ಸಾಲು ಗೀಚಿ ಕಳಿಸಿದರೆ ನಾನೇ ಬಸ್ಸು ಹತ್ತಿ ಬಂದು ನಿನ್ನ ಮೇಜುಗಳ ನಡುವೆ ಬುಟ್ಟಿ ಇಡುತ್ತೇನೆ.

ಹೊಸಬಳು ಗುನುಗುವುದಿಲ್ಲ, ಮಾತಾಡುತ್ತಾಳೆ. ಬೆಳಿಗ್ಗೆ ಶುರು ಮಾಡಿದರೆ ಗಂಟೆ ಹೊಡೆಯುವವರೆಗೂ ಬಾಯಿಗೆ ಬಿಡುವಿಲ್ಲ. ಸೊಸೆಯ ವಿಷಯ, ಹಲ್ಲುನೋವಿನ ವಿಷಯ, ಪಕ್ಕದ ಮನೆ ಬೆಕ್ಕಿನ ವಿಷಯ. ನನಗೆ ತಲೆ ಸಿಡಿದುಹೋಗುತ್ತದೆ. ಇರಲಿ, ಮಾತಾಡಲಿ.

ನಿನ್ನ ಚಿಕ್ಕಮ್ಮ